ಬೇರೆ ಬೇರೆ ಅಳತೆಯ ನೆಗೆಟಿವ್‌ಗಳಿಗೆ ಸ್ಕ್ಯಾನರ್

ತಾತನ ಪೆಟ್ಟಿಗೆಯಲ್ಲಿ 35 ಎಂಎಂ, 120 (ಅದಕ್ಕಿಂತ ಅಗಲದ ರೋಲ್ ಫಿಲ್ಮ್) ಎರಡೂ ನೆಗೆಟಿವ್ ಇವೆ, ಕಡಿಮೆ ದುಡ್ಡಿನ ಸ್ಕ್ಯಾನರ್ ಯಾವುದು ಅಂತ ಕೇಳಿದ್ದೀರಿ. ಎಪ್ಸನ್ ವಿ600 ನೋಡಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಎರಡೂ ಅಳತೆಗೆ ಹೋಲ್ಡರ್ (ನೆಗೆಟಿವ್ ಕೂರಿಸುವ ಚೌಕಟ್ಟು) ಬರುತ್ತವೆ. ಕೊಳ್ಳುವ ಮುಂಚೆ ಅವು ಮುರಿದಿಲ್ಲ ತಾನೇ ಅಂತ ನೋಡಿಕೊಳ್ಳಿ. 4×5 ಇಂಚಿನ ಶೀಟ್ ಫಿಲ್ಮ್ ಇದ್ದರೆ ಮಾತ್ರ ಇದು ಬೇಡ, ಮುಚ್ಚಳದ ಲೈಟ್ ಅಷ್ಟು ಅಗಲ ಇಲ್ಲ.

6400 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಅಂತ ಬರೆದಿರುತ್ತದೆ, ಸುಮ್ನೆ ಅಷ್ಟಕ್ಕೆ ಇಡಬೇಡಿ. 2400 ಸಾಕು. ಅದಕ್ಕಿಂತ ಜಾಸ್ತಿ ಇಟ್ಟರೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ.

ಕಪ್ಪು ಬಿಳುಪು ಫಿಲ್ಮಿಗೆ ಧೂಳು ಅಳಿಸುವ ಡಿಜಿಟಲ್ ಐಸ್ ಹಾಕಲೇಬೇಡಿ. ಫಿಲ್ಮಿನಲ್ಲಿ ಚಿತ್ರ ಮೂಡಿಸಿರುವ ಬೆಳ್ಳಿಯ ಕಣಗಳನ್ನೇ ಧೂಳು ಅಂದುಕೊಂಡು ಚಿತ್ರ ಕೆಡಿಸುತ್ತದೆ. ನಮ್ಮಜ್ಜಿಯ ಮದುವೆ ಫೋಟೋದಲ್ಲಿ ಕಣ್ಣೇ ಮಸುಕಾಗಿತ್ತು. ರಬ್ಬರ್ ಬ್ಲೋವರ್‌ನಿಂದ ಧೂಳು ಊದಿ, ಅಂಚಲ್ಲಷ್ಟೇ ಹಿಡಿದು ಹೋಲ್ಡರ್‌ಗೆ ಹಾಕಿ.