ಹರಕೆ ತಾಯಿಯದು, ಕರೆ ಯಾರದು?

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೂರನೆಯ ವಾರದಲ್ಲಿ 22 ವರ್ಷದ ಯುವಕನೊಬ್ಬ, ನಾನು ಆಧ್ಯಾತ್ಮಿಕ ಮಾರ್ಗದರ್ಶನ ಕೊಡುವ ಕಾರವಾರದ ಕೊಠಡಿಗೆ ಬಂದ. ಅವನು ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಎರಡು ದಿನಗಳ ಹಿಂದೆ ಕೆಲಸ ಮಾಡುತ್ತಿದ್ದಾಗಲೇ ತಲೆ ತಿರುಗಿ ಬಿದ್ದಿದ್ದ, ಸಂಗತಿ ತಿಳಿದ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರುಗಳು ಅವನನ್ನು ನನ್ನ ಬಳಿಗೆ ಕಳುಹಿಸಿದ್ದರು. ಅವನು ಕುಳಿತಾಗ ನನ್ನ ಕಣ್ಣಿಗೆ ಬಿದ್ದದ್ದು ಅವನ ಬೆಲ್ಟು. ಮೊದಲೇ ಇದ್ದ ತೂತುಗಳ ಆಚೆ ಮೊಳೆಯಿಂದ ಹೊಡೆದ ಇನ್ನೆರಡು ತೂತುಗಳಿದ್ದವು, ಅವುಗಳ ಅಂಚು ಇನ್ನೂ ಒರಟಾಗಿತ್ತು.

ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಅವನು ರಾತ್ರಿ ಒಂದು ಲೋಟ ಗಂಜಿತಿಳಿಯನ್ನು ಬಿಟ್ಟು ಬೇರೇನನ್ನೂ ಸೇವಿಸಿರಲಿಲ್ಲ, ಭಾನುವಾರಗಳಲ್ಲಿಯೂ ಈ ನಿಯಮವನ್ನು ಬಿಟ್ಟಿರಲಿಲ್ಲ. ಬೆಳಗಿನ ಬಲಿಪೂಜೆಗೆ (ಚರ್ಚಿನ ಸಾಮೂಹಿಕ ಆರಾಧನೆಗೆ) ಎಲ್ಲರ ಜೊತೆ ಹೋಗುವುದನ್ನು ನಿಲ್ಲಿಸಿ, ಕೆಲಸ ಮುಗಿದ ಮೇಲೆ ಚರ್ಚಿನ ಮೂಲೆಯಲ್ಲಿ ಒಬ್ಬನೇ ಮೊಣಕಾಲೂರಿ ಕುಳಿತಿರುತ್ತಿದ್ದ. ಕಾರಣ ಕೇಳಿದಾಗ ಅವನು ಹೇಳಿದ್ದಿಷ್ಟು: "ಶುಭ ಶುಕ್ರವಾರದೊಳಗೆ ದೇವರು ಒಂದು ಗುರುತು ತೋರಿಸಬೇಕು ಮೇಡಂ. ತೋರಿಸಿದರೆ ಗುರುಮಠ ಸೇರುತ್ತೇನೆ. ತೋರಿಸದಿದ್ದರೆ ಉಪವಾಸ ಮುಂದುವರಿಸುತ್ತೇನೆ." ಗುರುತು ಸಿಗದಿದ್ದರೆ ಪಾದ್ರಿಗಳಾಗಲು ತರಬೇತಿ ಕೊಡುವ ಆ ಗುರುಮಠವನ್ನು ಸೇರುವುದಿಲ್ಲ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಈ ಪ್ರಕರಣದ ಗಂಟು ಅಲ್ಲಿಯೇ ಇದೆ ಎಂದು ನನಗೆ ಅನ್ನಿಸಿತು.

ಎರಡನೆಯ ಭೇಟಿಯಲ್ಲಿ ಆ ಗಂಟು ಬಿಚ್ಚಿಕೊಂಡಿತು. ಅವನು ನಾಲ್ಕು ವರ್ಷದವನಿದ್ದಾಗ ಜ್ವರ ತಲೆಗೇರಿ ಬದುಕುವ ಆಸೆಯೇ ಉಳಿದಿರಲಿಲ್ಲವಂತೆ. ಆಗ ತಾಯಿ, ಮಗ ಉಳಿದರೆ ಅವನನ್ನು ದೇವರ ಸೇವೆಗೆ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಿದ್ದರು. ತಂದೆ ತೀರಿಕೊಂಡ ಮೇಲೆ, ಹರಕೆ ತೀರಿಸದಿದ್ದುದೇ ಅದಕ್ಕೆ ಕಾರಣ ಎಂಬ ಭಯ ಆ ತಾಯಿಯನ್ನು ಹಿಡಿದಿತ್ತು, ಅವರಿಂದ ಅದು ಮಗನಿಗೂ ದಾಟಿತ್ತು. ಹಾಗಾಗಿ ಅವನು ಉಪವಾಸದಲ್ಲಿ ದೇವರ ಚಿತ್ತವನ್ನು ಅರಸುತ್ತಿರಲಿಲ್ಲ, ಸಾಲ ವಸೂಲಿಗೆ ಬಂದವರ ಮುಂದೆ ನಿಂತವನಂತೆ ದೇವರ ಮುಂದೆ ನಿಂತಿದ್ದ.

ನಾನು ಮೊದಲು ಹೇಳಿದ್ದು ಊಟ ಮಾಡಲು, ವೈದ್ಯರಿಗೆ ತೋರಿಸಿಕೊಳ್ಳಲು. ಕಥೋಲಿಕ ಧರ್ಮಸಭೆಯ ಕಾನೂನು 18ರಿಂದ 59 ವರ್ಷದವರಿಗೆ ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ. ಆ ದಿನಗಳಲ್ಲಿಯೂ ಒಂದು ಪೂರ್ಣ ಊಟಕ್ಕೂ ಎರಡು ಅಲ್ಪಾಹಾರಕ್ಕೂ ಅವಕಾಶವಿದೆ. (ಆ ದಿನಗಳಲ್ಲಿ ನಿಯಮದಂತೆ ಮಾಂಸ ಬಿಡುವುದು ನಮ್ಮ ಕರಾವಳಿಯವರಿಗೆ ದೊಡ್ಡ ತ್ಯಾಗವಲ್ಲ, ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ನಿಯಮ ಕೇಳದಿದ್ದರೂ ಮೀನನ್ನು ಬಿಡುತ್ತಾರೆ. ಅಂಥ ತ್ಯಾಗದ ಬಗ್ಗೆ ನನಗೆ ಗೌರವವಿದೆ.) ಅವನಿಗೆ ಯೇಸುಸಭೆಯನ್ನು ಸ್ಥಾಪಿಸಿದ ಲೊಯೊಲಾದ ಸಂತ ಇಗ್ನೇಷಿಯಸರ ಬದುಕಿನ ಒಂದು ಘಟನೆಯನ್ನೂ ಹೇಳಿದೆ. ಸ್ಪೇನಿನ ಮನ್ರೇಸಾದಲ್ಲಿದ್ದಾಗ ಅವರು ಮನಸ್ಸಿನ ಶಂಕೆಗಳು ತೊಲಗುವ ತನಕ ಉಣ್ಣುವುದಿಲ್ಲವೆಂದು ನಿಶ್ಚಯಿಸಿ ಒಂದು ವಾರ ಉಪವಾಸವಿದ್ದರು. ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಅದನ್ನು ಮುರಿಯಲು ಆಜ್ಞಾಪಿಸಿದಾಗ ಮರುಮಾತಿಲ್ಲದೆ ಊಟ ಮಾಡಿದರು. ಯುವಕ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಊಟ ಮಾಡಿದರೆ ದೇವರಿಗೆ ಬೇಸರವಿಲ್ಲವೇ?" ಎಂದು ಕೇಳಿದ. ಇಲ್ಲ ಎಂದೆ.

ಮೂರನೆಯ ಭೇಟಿಗೆ ತಾಯಿಯನ್ನೂ ಕರೆಸಿದೆ. ಅವರು ಬೈಬಲನ್ನು ಚೆನ್ನಾಗಿ ಬಲ್ಲವರು. "ಹನ್ನಳು ಸಮುವೇಲನನ್ನು ಹರಕೆ ಹೊತ್ತು ಒಪ್ಪಿಸಲಿಲ್ಲವೇ ಮೇಡಂ? ನಾನು ಮಾಡಿದ್ದು ತಪ್ಪೇ?" ಎಂದು ಕೇಳಿದಾಗ ಅವರ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ತಪ್ಪಲ್ಲ, ಸಾಯುತ್ತಿರುವ ಮಗುವಿನ ಪಕ್ಕದಲ್ಲಿ ಕುಳಿತ ತಾಯಿಯ ಪ್ರಾರ್ಥನೆಯನ್ನು ತಪ್ಪೆನ್ನಲು ನನಗೆ ಯಾವ ಅಧಿಕಾರವೂ ಇಲ್ಲ ಎಂದೆ. ಆದರೆ ಆ ಕಥೆಯನ್ನು ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದವರೆಗೂ ಓದಬೇಕೆಂದು ವಿನಂತಿಸಿಕೊಂಡೆ. ತಾಯಿ ಒಪ್ಪಿಸಿದ ಮೇಲೂ, ದೇವಾಲಯದಲ್ಲಿಯೇ ಬೆಳೆದ ಮೇಲೂ ದೇವರು ಸಮುವೇಲನನ್ನು ರಾತ್ರಿಯಲ್ಲಿ ಹೆಸರು ಹಿಡಿದು ಬೇರೆಯಾಗಿ ಕರೆಯಬೇಕಾಯಿತು. ಬಾಲಕ ಮೂರು ಸಲ ತಪ್ಪು ತಿಳಿದು ಯಾಜಕ ಏಲಿಯ ಬಳಿಗೆ ಓಡಿದ. ತಾಯಿಯ ಹರಕೆ ಅವನನ್ನು ಗುಡಿಯ ಬಾಗಿಲವರೆಗೆ ತಂದಿತ್ತು, ಓಗೊಡುವುದು ಅವನದೇ ಬಾಯಿಂದ ಆಗಬೇಕಿತ್ತು.

ಧರ್ಮಸಭೆಯ ಕಾನೂನು ಸಹ ಇದನ್ನೇ ಹೇಳುತ್ತದೆ. ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟಿಹಾಕುತ್ತದೆ ಎಂದು 1193ನೆಯ ವಿಧಿಯೂ, ಬದುಕಿನ ದಾರಿಯನ್ನು ಆಯ್ದುಕೊಳ್ಳುವಾಗ ಯಾರ ಒತ್ತಾಯವೂ ಇರಬಾರದೆಂದು 219ನೆಯ ವಿಧಿಯೂ ಸ್ಪಷ್ಟಪಡಿಸುತ್ತವೆ. ಸಕಾರಣವಿದ್ದರೆ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ. ತಾಯಿ ಅವರ ಬಳಿ ಹೋದರು. ಆಸ್ಪತ್ರೆಯಲ್ಲಿ ಆರೈಕೆಗೆ ಯಾರೂ ಇಲ್ಲದ ರೋಗಿಗಳಿಗೆ ಪ್ರತಿ ಶುಕ್ರವಾರ ಗಂಜಿ ಒಯ್ಯುವ ಸೇವೆಯಾಗಿ ಆ ಹರಕೆ ಬದಲಾಯಿತು.

ಮುಂದಿನದು ಯುವಕನ ಕೆಲಸ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 13ನೆಯ ಅಧ್ಯಾಯವನ್ನು ಅವನೊಂದಿಗೆ ನಿಧಾನವಾಗಿ ಓದಿದೆ. ಅಂತಿಯೋಕ್ಯ ನಗರದಲ್ಲಿ ವಿಶ್ವಾಸಿಗಳು ಒಟ್ಟಾಗಿ ಆರಾಧನೆ, ಉಪವಾಸಗಳಲ್ಲಿ ತೊಡಗಿದ್ದಾಗ ಬಾರ್ನಬ ಮತ್ತು ಸೌಲರನ್ನು ಬೇರ್ಪಡಿಸುವಂತೆ ಪವಿತ್ರಾತ್ಮ ತಿಳಿಸಿದರು. ಅವರಿಬ್ಬರೂ ಅದಾಗಲೇ ಆ ಸಭೆಯಲ್ಲಿ ಸೇವೆ ಮಾಡುತ್ತಿದ್ದವರು, ಕರೆಯನ್ನು ಕೇಳಿಸಿಕೊಂಡದ್ದು ಸಹ ಇಡೀ ಬಳಗ. ಆದ್ದರಿಂದ ಒಂಟಿ ಮೂಲೆಯನ್ನು ಬಿಟ್ಟು ಎಲ್ಲರ ನಡುವೆ ಬಲಿಪೂಜೆಗೆ ನಿಲ್ಲುವಂತೆ, ಶುಕ್ರವಾರ ಮಾತ್ರ ಒಂದು ಹೊತ್ತು ಬಿಟ್ಟು ಆ ಹಣವನ್ನು ತಾಯಿಯ ಗಂಜಿಗೆ ಕೊಡುವಂತೆ, ಯಾವ ಗುರುತನ್ನೂ ಬೇಡದೆ ಪರಮಪ್ರಸಾದದ (ಬಲಿಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯ) ಮುಂದೆ ಅರ್ಧ ಗಂಟೆ ಕೂರುವಂತೆ ಹೇಳಿದೆ. 1521ರಲ್ಲಿ ಗಾಯಗೊಂಡು ಮಲಗಿದ್ದ ಇಗ್ನೇಷಿಯಸರು, ಕೆಲವು ಯೋಚನೆಗಳು ಬಂದಾಗ ಹಿತವೆನಿಸಿದರೂ ಆಮೇಲೆ ಮನಸ್ಸನ್ನು ಬರಿದು ಮಾಡುವುದನ್ನೂ ಇನ್ನು ಕೆಲವು ಹೋದ ಮೇಲೂ ನೆಮ್ಮದಿ ಉಳಿಸುವುದನ್ನೂ ಗಮನಿಸಿದ್ದರು. ಅದರಂತೆ, ಪ್ರತಿ ರಾತ್ರಿ ಯಾವ ಯೋಚನೆ ಏನನ್ನು ಉಳಿಸಿ ಹೋಯಿತೆಂದು ಬರೆದಿಡಲು ತಿಳಿಸಿದೆ. ಮನಸ್ಸು ಕುಗ್ಗಿರುವ ದಿನ ಏನನ್ನೂ ನಿರ್ಧರಿಸಬಾರದು ಎಂಬುದೊಂದೇ ಕಟ್ಟುನಿಟ್ಟಿನ ನಿಯಮವಾಗಿತ್ತು.

ಹರಕೆಯ ಭಾರ ಇಳಿದ ಮೇಲೆ ಗುರುಮಠದ ಆಸೆಯೂ ಕರಗುತ್ತದೆ ಎಂದು ನಾನು ಭಾವಿಸಿದ್ದೆ. ನನ್ನ ಊಹೆ ತಪ್ಪಾಯಿತು. ಪಾಸ್ಕಹಬ್ಬ (ಈಸ್ಟರ್) ಕಳೆದು ಐದು ವಾರಗಳ ನಂತರ ಅವನು ತಂದ ಪುಸ್ತಕ ಬಿಡಿಭಾಗಗಳ ಲೆಕ್ಕ ಬರೆಯುವ ಉದ್ದನೆಯ ಪುಸ್ತಕವೇ ಆಗಿತ್ತು, ಪುಟದ ಮೂಲೆಗಳಲ್ಲಿ ಗ್ರೀಸಿನ ಹೆಬ್ಬೆರಳ ಗುರುತುಗಳಿದ್ದವು. ಮೊದಲ ಪುಟಗಳಲ್ಲೆಲ್ಲ "ಹೆದರಿಕೆ" ಎಂಬ ಒಂದೇ ಶಬ್ದ. ಆಮೇಲೆ, ಗುರುಗಳ ಜೊತೆ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದದೊಂದಿಗೆ ಹೋದ ಮೂರು ದಿನಗಳ ಕೆಳಗೆ "ಮರುದಿನವೂ ಮನಸ್ಸು ಹಗುರ" ಎಂದಿತ್ತು.

ಇದು ಕರೆಯೇ ಎಂದು ಕೇಳಿದಾಗ ನಾನು ಹೌದೆನ್ನಲಿಲ್ಲ, ಏಕೆಂದರೆ ಅದನ್ನು ಪರಿಶೀಲಿಸಬೇಕಾದದ್ದು ಧರ್ಮಸಭೆ. ತತ್ವಶಾಸ್ತ್ರಕ್ಕೆ ಎರಡು ವರ್ಷ, ದೈವಶಾಸ್ತ್ರಕ್ಕೆ ನಾಲ್ಕು ವರ್ಷ ಎಂದು ಕನಿಷ್ಠ ಆರು ವರ್ಷಗಳ ಅಧ್ಯಯನವಿರುತ್ತದೆ, 25 ತುಂಬುವ ಮೊದಲು ಯಾಜಕದೀಕ್ಷೆ ಇಲ್ಲ. ಇಷ್ಟು ದೀರ್ಘ ಅವಧಿ ಇರುವುದು ಅವನೂ ಧರ್ಮಸಭೆಯೂ ಒಬ್ಬರನ್ನೊಬ್ಬರು ಅರಿಯಲೆಂದೇ, ನಡುವೆ ಹಿಂತಿರುಗಿದರೆ ಅದು ದ್ರೋಹವಲ್ಲ ಎಂದು ತಾಯಿಯ ಎದುರಿನಲ್ಲಿಯೇ ತಿಳಿಸಿ, ಪಾದ್ರಿಯಾಗಲು ಬಯಸುವವರಿಗಾಗಿ ನಡೆಸುವ ದೈವಕರೆ ಶಿಬಿರಕ್ಕೆ ಹೋಗಿ ಬರಲು ಸಲಹೆ ಕೊಟ್ಟೆ.

ಕೊನೆಯ ಭೇಟಿಗೆ ಅವನು ಜೂನ್ ತಿಂಗಳಲ್ಲಿ ಬಂದ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ರಿಪೇರಿ ಕೆಲಸದ ಕಾಲ. ಆಗಸ್ಟ್‌ಗೆ ಬೋಟುಗಳು ನೀರಿಗಿಳಿಯುವವರೆಗೆ ಇದ್ದು, ಆಮೇಲೆ ಶಿಬಿರಕ್ಕೆ ಹೋಗುತ್ತೇನೆಂದು ಮಾಲೀಕರಿಗೆ ಹೇಗೆ ಹೇಳಲಿ ಎಂಬುದಷ್ಟೇ ಆ ದಿನದ ಅವನ ಪ್ರಶ್ನೆಯಾಗಿತ್ತು. ಬೆಲ್ಟು ಹಳೆಯ ತೂತಿಗೆ ಬಂದಿತ್ತು.