ನಮ್ಮ ಚಿಕ್ಕಪ್ಪನವರು ವೈದ್ಯರು ಹೇಳಿದ ಪಥ್ಯವನ್ನು ಪಾಲಿಸುತ್ತಿದ್ದಾರೋ ಇಲ್ಲವೋ ಎಂಬುದನ್ನು ಉಸಿರಿನಿಂದ ತಿಳಿಯಬಹುದೇ?

ಎಲ್ಲ ಪಥ್ಯಗಳಿಗೂ ಇದು ಅನ್ವಯಿಸುವುದಿಲ್ಲ. ಆದರೆ ವಿರಾಜಪೇಟೆಯ ನಿಮ್ಮ ಚಿಕ್ಕಪ್ಪನವರಿಗೆ ವೈದ್ಯರು ಹೇಳಿರುವ ಕೀಟೋಜೆನಿಕ್ ಪಥ್ಯವನ್ನು, ಅಂದರೆ ಅನ್ನ, ಸಕ್ಕರೆಗಳನ್ನು ತೀರಾ ಕಡಿಮೆ ಮಾಡಿ ಕೊಬ್ಬನ್ನು ಹೆಚ್ಚಿಸುವ ಕ್ರಮವನ್ನು, ಉಸಿರಿನ ಪರೀಕ್ಷೆಯಿಂದ ತಕ್ಕಮಟ್ಟಿಗೆ ಗಮನಿಸಬಹುದು.

ಪಿಷ್ಟ ಸಾಕಷ್ಟು ದೊರೆಯದಿದ್ದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಪರ್ಯಾಯ ಇಂಧನವನ್ನು ತಯಾರಿಸುತ್ತದೆ. ಅದರಲ್ಲಿ ಒಂದಂಶ ತಾನಾಗಿಯೇ ಅಸಿಟೋನ್ ಆಗಿ ಮಾರ್ಪಡುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಇರುವುದೂ ಇದೇ. ಇದು ಸುಲಭವಾಗಿ ಆವಿಯಾಗುವ ವಸ್ತುವಾದ್ದರಿಂದ ರಕ್ತದಿಂದ ಶ್ವಾಸಕೋಶಕ್ಕೆ ದಾಟಿ ಉಸಿರಿನೊಡನೆ ಹೊರಬರುತ್ತದೆ. ಸಾಮಾನ್ಯ ಊಟ ಮಾಡುವವರ ಉಸಿರಿನಲ್ಲಿ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 1 ಭಾಗದಷ್ಟಿದ್ದರೆ, ಕಟ್ಟುನಿಟ್ಟಿನ ಪಥ್ಯದಲ್ಲಿ ಹಲವು ಪಟ್ಟು ಏರುತ್ತದೆ.

ಉಸಿರಿನ ಅಸಿಟೋನನ್ನು ಅಳೆಯುವ ಉಪಕರಣವು ಪಂದಿ ಕರಿಯನ್ನು (ಕೊಡಗಿನ ಹಂದಿಮಾಂಸದ ಅಡುಗೆಯನ್ನು) ದೂರುವುದಿಲ್ಲ. ಅದರ ಜೊತೆ ನಾಲ್ಕು ಕಡಂಬುಟ್ಟು (ಅಕ್ಕಿತರಿಯ ಕಡುಬು) ಸೇರಿದರೆ ಮಾತ್ರ ಅಸಿಟೋನ್ ಕ್ರಮೇಣ ಇಳಿಯತೊಡಗುತ್ತದೆ. ಆದರೂ ಅಂಕಿ ಏರಿದ ಮಾತ್ರಕ್ಕೆ ಪಥ್ಯ ಸರಿಯಾಗಿದೆಯೆಂದು ಹೇಳಲಾಗದು, ಏಕೆಂದರೆ ಉಪವಾಸ ಅಥವಾ ದೀರ್ಘ ವ್ಯಾಯಾಮದಿಂದಲೂ ಅದು ಏರುತ್ತದೆ, ಮದ್ಯ ಸೇವಿಸಿದ್ದರೆ ಕೆಲವು ಅಗ್ಗದ ಉಪಕರಣಗಳು ತಪ್ಪು ಅಂಕಿ ತೋರಿಸುತ್ತವೆ. ಉಪ್ಪು ಕಡಿಮೆ ಮಾಡುವಂಥ ಪಥ್ಯಕ್ಕಂತೂ ಈ ಪರೀಕ್ಷೆ ನಿಷ್ಪ್ರಯೋಜಕ. ಅಲ್ಲಿ 24 ಗಂಟೆಗಳ ಮೂತ್ರದ ಪರೀಕ್ಷೆಯೇ ಬೇಕು.

ಚಿಕ್ಕಪ್ಪನವರಿಗೆ ಮಧುಮೇಹವಿದ್ದರೆ ಒಂದು ಎಚ್ಚರಿಕೆ: ಇನ್ಸುಲಿನ್ ಕೊರತೆಯಿಂದಲೂ ಅಸಿಟೋನ್ ವಿಪರೀತ ಏರಬಹುದು, ಜೊತೆಗೆ ವಾಂತಿ, ಏದುಸಿರು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.