ಪಿಟ್ಯುಟರಿ ಆಪರೇಷನ್ ಆದ್ಮೇಲೆ ಕಣ್ಣು, ಹಾರ್ಮೋನು

ಮೂಗಿನ ಮೂಲಕ ಪಿಟ್ಯುಟರಿ (ಮಿದುಳಿನ ಬುಡದಲ್ಲಿರೋ ಹಾರ್ಮೋನ್ ಗ್ರಂಥಿ) ಗೆಡ್ಡೆ ತೆಗೆಸಿ ಮೂರು ವಾರ ಆದ್ರೂ ಅಮ್ಮಂಗೆ ಪಕ್ಕದ ದೃಷ್ಟಿ ಪೂರ್ತಿ ಬಂದಿಲ್ಲ, ಸ್ಟಿರಾಯ್ಡ್ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದೀರಲ್ಲ, ಮಾತ್ರೆ ವಿಷ್ಯ ಮೊದಲು ಹೇಳ್ತೀನಿ, ನೀವಾಗೇ ನಿಲ್ಲಿಸ್ಬೇಡಿ ದಯವಿಟ್ಟು. ಗ್ರಂಥಿ ಇನ್ನೂ ಚೇತರಿಸ್ಕೊಳ್ದೆ ಇದ್ರೆ ಕಾರ್ಟಿಸಾಲ್ (ಈ ಮಾತ್ರೆ ತುಂಬಿಕೊಡೋ ಹಾರ್ಮೋನು) ಸಾಲದೆ ಬಿಪಿ ಇಳಿದು ಜೀವಕ್ಕೇ ಅಪಾಯ ಆಗ್ಬಹುದು. ಬೆಳಿಗ್ಗೆ 8 ಗಂಟೆ ಹೊತ್ತಿಗೆ ಕಾರ್ಟಿಸಾಲ್ ಟೆಸ್ಟ್ ಮಾಡಿಸ್ತಾರೆ, ಟೆಸ್ಟಿಗೆ ಮುಂಚೆ ಯಾವ ಡೋಸ್ ಬಿಡ್ಬೇಕು ಅಂತ ಡಾಕ್ಟ್ರನ್ನೇ ಕೇಳಿ, ಆ ರಿಪೋರ್ಟ್ ನೋಡಿ ಎಂಡೋಕ್ರೈನಾಲಜಿಸ್ಟೇ (ಹಾರ್ಮೋನ್ ಡಾಕ್ಟ್ರು) ಕಮ್ಮಿ ಮಾಡ್ತಾರೆ. ಜ್ವರ ಬಂದ್ರೆ ಡೋಸ್ ಎಷ್ಟು ಹೆಚ್ಚಿಸ್ಬೇಕು ಅಂತ ಈಗ್ಲೇ ಬರೆಸ್ಕೊಳ್ಳಿ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ತಿಲ್ಲ ಅಂದ್ರೆ ಇಂಜೆಕ್ಷನ್ನೇ ಬೇಕು, ಬೆಳಗಾಗ್ಲಿ ಅಂತ ಕಾಯೋಹಾಗಿಲ್ಲ.

ಥೈರಾಯ್ಡಿಗೆ ಬರೀ ಟಿಎಸ್‌ಎಚ್ (ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನು) ನೋಡಿ ನಾರ್ಮಲ್ ಅಂದ್ಕೋಬೇಡಿ, ಅದನ್ನ ಮಾಡೋದೇ ಪಿಟ್ಯುಟರಿ ಅಲ್ವಾ, ಥೈರಾಯ್ಡೇ ಮಾಡೋ ಹಾರ್ಮೋನು ಫ್ರೀ ಟಿ4 ನೋಡ್ಬೇಕು. (ಎಷ್ಟೋ ಕಡೆ ಪ್ಯಾಕೇಜ್ ಟೆಸ್ಟಲ್ಲಿ ಅದು ಇರೋದೇ ಇಲ್ಲ.)

ಕಣ್ಣಿಗೆ ಮೂರು ವಾರ ಏನೂ ಅಲ್ಲ. ಕಣ್ಣಿನ ನರದ ಮೇಲಿದ್ದ ಗೆಡ್ಡೆಯ ಒತ್ತಡ ಹೋದ ಕೂಡ್ಲೇ ಒಂದಷ್ಟು ವಾಪಸ್ ಬರುತ್ತೆ, ಉಳಿದಿದ್ದು ತಿಂಗಳುಗಟ್ಟಲೆ ನಿಧಾನವಾಗಿ, ಕೆಲವರಿಗೆ ವರ್ಷ ದಾಟಿದ್ಮೇಲೂ ಸುಧಾರಿಸುತ್ತೆ, ಆದ್ರೆ ಎಲ್ರಿಗೂ ಪೂರ್ತಿ ಬರುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ, ನರ ಎಷ್ಟು ಕಾಲ ಅದುಮಿಕೊಂಡಿತ್ತು ಅನ್ನೋದು ಮುಖ್ಯ. ಓಸಿಟಿ ಸ್ಕ್ಯಾನಲ್ಲಿ (ಕಣ್ಣಿನ ಹಿಂಭಾಗದ ಪದರಗಳನ್ನ ನೋಡೋದು) ನರದ ಪದರ ತೆಳುವಾಗಿಲ್ಲ ಅಂದ್ರೆ ಆಸೆ ಜಾಸ್ತಿ. ಹಳೇ ಫೀಲ್ಡ್ ಟೆಸ್ಟ್ (ಪಕ್ಕದ ದೃಷ್ಟಿ ಎಷ್ಟಿದೆ ಅಂತ ನೋಡೋದು) ರಿಪೋರ್ಟ್ ಎಸೀಬೇಡಿ, ಹೊಸದರ ಜೊತೆ ಹೋಲಿಸೋಕೆ ಬೇಕು.

ಬಂದ ದೃಷ್ಟಿ ಮತ್ತೆ ಮಂಜಾದ್ರೆ, ಇಲ್ಲಾ ಬಗ್ಗಿದಾಗ ಮೂಗಿಂದ ತಿಳಿನೀರು ತೊಟ್ಟಿಕ್ಕಿದ್ರೆ, ನೆಗಡಿ ಅಂತ ಬಿಡದೆ ಅವತ್ತೇ ಸರ್ಜನ್‌ಗೆ ಫೋನ್ ಮಾಡಿ.